ಅತ್ತಿಗೆಯ ಒಂದೇ ಇಂಗ್ಲಿಷ್ ಶಬ್ದ

ನನ್ನ ಅತ್ತಿಗೆಯ ಎದುರು ದೇವರೇ ಪ್ರತ್ಯಕ್ಷನಾದರೂ "ಯಾರನ್ನು ಕೇಳಿ ಒಳಗೆ ಬಂದದ್ದು?" ಎಂದಾರು, ಮಕ್ಕಳೇ. ಯಜಮಾನರ ಅಕ್ಕ, ಅಂದರೆ ನಿಮ್ಮ ಕಾಪುವಿನ ದೊಡ್ಡಜ್ಜಿ, ಪಂಚಾಯತಿನಲ್ಲಿ ಗುಮಾಸ್ತೆಯಾಗಿದ್ದವರು. ಹೇಳದೆ ಕೇಳದೆ ಕಟ್ಟಿದ ಗೋಡೆಗಳಿಗೆ ನೋಟಿಸು ಬರೆದು ಬರೆದು 'ಅನ್‌ಆಥರೈಸ್ಡ್' ಎಂಬ ಶಬ್ದ ಅವರ ನಾಲಗೆಗೆ ಅಂಟಿಬಿಟ್ಟಿತು. ನಿವೃತ್ತಿಯಾದ ಮೇಲೆ ಗೋಡೆಗಳು ತಪ್ಪಿದವು, ನಾವು ಸಿಕ್ಕಿದೆವು.

ಹಪ್ಪಳ ಕುಕ್ಕಿದ ಕಾಗೆ ಅನ್‌ಆಥರೈಸ್ಡ್. ಪಕ್ಕದ ಮನೆಯ ಹಲಸಿನ ಕೊಂಬೆ ಅಂಗಳಕ್ಕೆ ಚಾಚಿದರೆ ಅನ್‌ಆಥರೈಸ್ಡ್. ಅದೇ ಕೊಂಬೆಯ ಹಣ್ಣಿಗೆ ಮಾತ್ರ ಆ ಮಾತಿಲ್ಲ. ಒಮ್ಮೆ ಉಡುಪಿಯ ಬಸ್ಸಿನಲ್ಲಿ ತೂಕಡಿಸಿ ತಮ್ಮ ಭುಜಕ್ಕೊರಗಿದ ಹೆಂಗಸನ್ನು ಎಬ್ಬಿಸಿಯೂ ಅದನ್ನೇ ಹೇಳಿದರು. ಆಕೆ "ಕಡಿಯಾಳಿ ಸ್ಟಾಪು ಬಂತಾ?" ಎಂದು ಕೇಳಿ ಅದೇ ಭುಜದ ಮೇಲೆ ಮತ್ತೆ ಮಲಗಿದಳು.

ನನ್ನದು ಹಳ್ಳಿ ಶಾಲೆಯ ಓದು. "ಹಾಗಂದರೆ ತಪ್ಪು ಅಂತಲಾ ಅತ್ತಿಗೆ?" ಎಂದು ಕೇಳಿದ್ದೆ.

"ಅಲ್ಲ ಮಾರಾಯ್ತಿ. ತಪ್ಪು ಯಾರು ಮಾಡಿದರೂ ತಪ್ಪೇ. ಇದು ಹಾಗಲ್ಲ. ಗೋಡೆ ಗಟ್ಟಿ ಉಂಟು, ಚಂದವೂ ಉಂಟು. ಕಟ್ಟು ಅಂತ ಹೇಳಬೇಕಾದವರು ಹೇಳಲಿಲ್ಲ, ಅಷ್ಟೇ."

ಈ ಅರ್ಥ ನನ್ನನ್ನು ಕುಳಿತಲ್ಲಿ ಕೂರಗೊಡದೆ ಕಾಡಿದ್ದು ಕಾರ್ಕಳದಲ್ಲಿ, ನಿಮ್ಮ ಅಕ್ಕನ ಸೀಮಂತದ ದಿನ. ಅವಳ ಮುಡಿಗೆ ಒಂದು ತುಂಡು ಮಲ್ಲಿಗೆ ನಾನೂ ಇಡಬೇಕೆಂಬ ಆಸೆ. ಆದರೆ ಹೂ ಮುಡಿಸುವವರು ಮುತ್ತೈದೆಯರು. ನಾನು ಗಂಡನನ್ನು ಕಳೆದುಕೊಂಡವಳು. ಬಾಳೆಲೆಯ ಪೊಟ್ಟಣ ಹಿಡಿದು ಹಿಂದಿನ ಸಾಲಿನಲ್ಲಿ ಕೂತೆ, ಎದ್ದೆ, ನೀರು ಕುಡಿದೆ, ಮತ್ತೆ ಕೂತೆ. ಒಳಗಿನ ಹೂ ಬಾಡುತ್ತಿರಬಹುದೇ ಎಂದು ಎಲೆ ಬಿಡಿಸಿ ನೋಡಿದೆ.

"ನಿನಗೆಂತ, ಇರುವೆ ಕಚ್ಚಿತಾ?" ಎಂದರು ಅತ್ತಿಗೆ. ಅಷ್ಟರಲ್ಲಿ ಹೂ ಕಣ್ಣಿಗೆ ಬಿತ್ತು. ಮತ್ತೇನೂ ಕೇಳದೆ ನನ್ನ ಕೈ ಹಿಡಿದು ಎಳೆದುಕೊಂಡೇ ಹೊರಟರು.

"ನೀವು ಆಮೇಲೆ ಆಶೀರ್ವಾದ ಮಾಡಬಹುದಲ್ವಾ?" ಎಂದು ಬೀಗಿತಿ ಮೆಲ್ಲಗೆ ಅಡ್ಡ ಬಂದರು. ನಾನು ಹಿಂದೆ ಸರಿದೆ. ಅತ್ತಿಗೆ ಕೈ ಬಿಡಲಿಲ್ಲ. ನಿಮ್ಮ ಅಕ್ಕನನ್ನೇ ಕೇಳಿದರು:

"ತಲೆ ಯಾರದ್ದು?"

"ನನ್ನದು, ದೊಡ್ಡಜ್ಜಿ."

"ಹಾಗಾದರೆ ಹೇಳಬೇಕಾದವಳು ನೀನು."

ಅವಳು ಮಣೆಯ ಮೇಲೆ ಕುಳಿತಲ್ಲೇ ತಿರುಗಿ, ನನ್ನ ಕಡೆಗೆ ಜಡೆ ಮಾಡಿ ತಲೆ ಬಗ್ಗಿಸಿದಳು.

ಪಿನ್ನು ನಿಲ್ಲಲೊಲ್ಲದು. ಹೇಗೋ ಮುಡಿಸಿದೆ. ಪೊಟ್ಟಣದಲ್ಲಿ ಉಳಿದಿದ್ದ ಇನ್ನೊಂದು ತುಂಡನ್ನು ಅತ್ತಿಗೆಯ ಕೈಗೆ ಕೊಟ್ಟೆ. ಮದುವೆಯೇ ಆಗದ ಅವರನ್ನು ಇಷ್ಟು ವರ್ಷಗಳಲ್ಲಿ ಹೂ ಮುಡಿಸಲು ಯಾರೂ ಕರೆದವರಲ್ಲ. ಅವರ ಕೈ ಗಾಳಿಯಲ್ಲೇ ನಿಂತಿತು.

"ನಾನು ಇಡಬಹುದಾ ಮಗಾ?" ಎಂದರು, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.