ಹಿಂದಕ್ಕೆ ಹರಿಯುವ ಹೊಳೆ ಮತ್ತು ನಮ್ಮ ಕಾಕಾ

ನಮ್ಮ ಕಾಕಾ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ನಮ್ಮ ಮನೆತನಕ್ಕೆ ಬಂದ ದೊಡ್ಡ ಕಂಟಕ ಅದೇ! ಅಲ್ಪಸ್ವಲ್ಪ ಸುಳ್ಳು ರೂಢಿ ಮಾಡಿಕೊಂಡಿದ್ದರೆ ಅವರ ಮಗಳು ರೇಣವ್ವನಿಗೆ ಯಾವಾಗಲೋ ಮದುವೆಯಾಗಿ, ನಾನು ಒಂದೆರಡು ತೊಟ್ಟಿಲ ಕಾರ್ಯದ ಹೋಳಿಗೆ ತಿಂದು ಬಂದಿರುತ್ತಿದ್ದೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ವಿಜಾಪುರ ಜಿಲ್ಲೆಯ ಕೃಷ್ಣಾ ದಂಡೆಯ ಹಳ್ಳಿಯಿಂದ ವಾಸ್ಕೋಗೆ ಕೂಲಿಗೆಂದು ಬಂದವರು. ಬಂದರಿನಲ್ಲಿ ಚೀಲ ಹೊರುತ್ತ ಹೊರುತ್ತ ಒಂದು ದಿನ ಖಲಾಸಿಯಾಗಿ ಹಡಗನ್ನೇ ಹತ್ತಿಬಿಟ್ಟರು. ಆಗ ಎಂಬತ್ತರ ದಶಕ ಇನ್ನೂ ಶುರುವಾಗಿತ್ತಷ್ಟೆ. ಆ ಹಡಗು ಅಕ್ಕಿ ಹೇರಿಕೊಂಡು, ಯುದ್ಧದಲ್ಲಿ ಬೆಂದುಹೋಗಿದ್ದ ಕಾಂಬೋಡಿಯಾ ದೇಶಕ್ಕೆ ಹೋಯಿತು. ಸಮುದ್ರದಿಂದ ಮೆಕಾಂಗ್ ನದಿಯೊಳಗೆ ನುಗ್ಗಿ, ಅದರಲ್ಲೇ ಮೇಲೇರಿ ರಾಜಧಾನಿ ಮುಟ್ಟಿತು. ಮುಟ್ಟಿದ್ದೇ ತಡ, ಇಂಜಿನ್ ಕೈಕೊಟ್ಟಿತು! ಬಿಡಿಭಾಗ ಬಂದು ರಿಪೇರಿಯಾಗಲು ಏಳು ತಿಂಗಳು ಹಿಡಿಯಿತಂತೆ. ಮಿಕ್ಕ ಖಲಾಸಿಗಳು ಹಡಗಿನಲ್ಲೇ ಕೂತು ಇಸ್ಪೀಟಾಡಿದರೆ, ನಮ್ಮ ಕಾಕಾ ಮೀನುಗಾರರ ದೋಣಿ ಹತ್ತಿ ಹೊಳೆ ನೋಡಲು ಹೊರಟರು. ಭಾಷೆ? ಇವರು ವಿಜಾಪುರದ ಕನ್ನಡದಲ್ಲಿ ಕೇಳುವುದು, ಅವರು ಅವರದರಲ್ಲಿ ಉತ್ತರ ಕೊಡುವುದು, ಆಮೇಲೆ ಇಬ್ಬರೂ ತಲೆ ಅಲ್ಲಾಡಿಸುವುದು. ನಮ್ಮ ಸರಕಾರಿ ಕಚೇರಿಗಳಲ್ಲಿ ನಡೆಯುವುದೂ ಇದೇ ಅಲ್ಲವೆ?

ಅಲ್ಲಿ ಕಂಡದ್ದನ್ನು ಅವರ ಬಾಯಿಂದಲೇ ಕೇಳಬೇಕು. ನೀರ ಮೇಲೆ ತೇಲುವ ಊರುಗಳು. ಮನೆ ತೇಲುತ್ತದೆ, ಅಂಗಡಿ ತೇಲುತ್ತದೆ, ಹಂದಿಗೂಡು ತೇಲುತ್ತದೆ. ಕ್ಷೌರದವನು ದೋಣಿಯಲ್ಲಿ ಬಂದು ಗಡ್ಡ ಕೆರೆದು ಹೋಗುತ್ತಾನೆ. ಮಳೆಗಾಲದಲ್ಲಿ ಕಾಡಿಗೆ ಕಾಡೇ ಮುಳುಗಿ, ಮರದ ಹಣ್ಣನ್ನು ಮೀನು ತಿನ್ನುತ್ತದೆ. ಒಂದೊಂದು ಮೀನು ನಮ್ಮೂರ ಎಮ್ಮೆಗಿಂತ ಕಡಿಮೆ ಇಲ್ಲ. ಇಷ್ಟರವರೆಗೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಆದರೆ ಕಾಕಾ ಅಲ್ಲಿಗೆ ನಿಲ್ಲಿಸಬೇಕಲ್ಲ! ಆ ರಾಜಧಾನಿಯ ಹತ್ತಿರ ಮೆಕಾಂಗ್ ಸೇರುವ ಇನ್ನೊಂದು ಹೊಳೆ ಇದೆಯಂತೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿ ತಳ್ಳುವ ರಭಸಕ್ಕೆ ಅದು ತಿರುಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹರಿದು, ಮೇಲಿನ ದೊಡ್ಡ ಕೆರೆ ತುಂಬಿಸುತ್ತದಂತೆ. ಮಳೆ ಮುಗಿದ ಮೇಲೆ ಮತ್ತೆ ಹೊಳ್ಳಿ ಸಮುದ್ರದ ಕಡೆ ಬರುತ್ತದಂತೆ.

ಇದನ್ನು ಕೃಷ್ಣೆ, ಭೀಮೆಯ ದಂಡೆಯಲ್ಲಿ ಹುಟ್ಟಿದವರ ಮುಂದೆ ಹೇಳಿ ನೋಡಿ, ಏನಾಗುತ್ತದೆ!

ರೇಣವ್ವನ ಮೊದಲ ಸಂಬಂಧ ಇಂಡಿ ಕಡೆಯದು. ಹುಡುಗನ ಅಜ್ಜ ಎಂಬತ್ತು ವರ್ಷ ಭೀಮೆಯ ನೀರು ಕುಡಿದವರು. ಅವಲಕ್ಕಿಯ ತಾಟು ಕೈಯಲ್ಲಿ ಹಿಡಿದೇ ಕಾಕಾನ ಕಥೆ ಪೂರ್ತಿ ಕೇಳಿದರು, ತಾಟು ಕೆಳಗಿಟ್ಟರು.

"ಹೊಳಿ ಹಿಂದಕ್ಕ ಹರೀತೈತಿ ಅನ್ನಾಂವ ನಾಳಿ ಕೊಟ್ಟ ಮಾತನ್ನೂ ಹಿಂದಕ್ಕ ಹರಸ್ತಾನ. ಏಳ್ರಿ, ಹೋಗೂನು."

ಎರಡನೆಯದು ಸಾಂಗೆಯಲ್ಲಿ ಗಣಿ ಕೆಲಸಕ್ಕಿದ್ದ ನಮ್ಮ ಕಡೆಯವರದೇ. ಈ ಸಲ ಕಾಕಾ ಬಾಯಲ್ಲಿ ಹೇಳದೆ ಕಣ್ಣಿಗೇ ತೋರಿಸಲು ನಿಶ್ಚಯಿಸಿದರು. ಊಟವಾದ ಮೇಲೆ ಹುಡುಗನ ತಂದೆಯನ್ನು ಝುವಾರಿ ಹೊಳೆಯ ದಂಡೆಗೆ ಕರೆದೊಯ್ದು, ಕೂತು ನೋಡಿ, ನೀರು ಹಿಂದಕ್ಕೆ ಬರುತ್ತದೆ ಅಂದರು. ಆತ ಹೊಸ ಕೊಲ್ಹಾಪುರಿ ಚಪ್ಪಲಿ ನೀರಂಚಿಗೆ ಬಿಟ್ಟು, ಬಂಡೆಗೆ ಒರಗಿ ಕಣ್ಣು ಮುಚ್ಚಿದ. ಭರತ ಏರಿತು. ಸಮುದ್ರದ ನೀರು ಹೊಳೆಯೊಳಗೆ ನುಗ್ಗಿತು. ಕಾಕಾ ಹಿಗ್ಗಿನಿಂದ ಆತನನ್ನು ಎಬ್ಬಿಸಿ ತೋರಿಸಿದಾಗ ಆತನಿಗೆ ಕಂಡದ್ದು ಹೊಳೆಯ ಮೇಲಕ್ಕೆ, ಸಾಂಗೆಯ ದಿಕ್ಕಿಗೆ ತೇಲಿ ಹೊರಟಿದ್ದ ತನ್ನ ಚಪ್ಪಲಿ ಮಾತ್ರ! ಬೀಗಸ್ತನವೂ ಅದರ ಬೆನ್ನಿಗೇ ಹೋಯಿತು.

ಮೂರನೆಯ ಸಂಬಂಧ ತಂದವನು ನಾನು. ಹುಡುಗ ಕುಂಡಯಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಗುಟ್ಕಾ ಇಲ್ಲ, ಸೆರೆ ಇಲ್ಲ, ಮಾತಂತೂ ಮೊದಲೇ ಇಲ್ಲ. ಇದೂ ತಪ್ಪಿದರೆ ರೇಣವ್ವನಿಗೆ ಗತಿ ಏನು ಎಂಬುದು ಎಲ್ಲರಿಗೂ ಗೊತ್ತಿತ್ತು. ಕಾಕಿಯ ತವರಿನಲ್ಲಿ ಹೆಂಡತಿ ಸತ್ತ, ನಲವತ್ತು ದಾಟಿದ, ಎರಡು ಮಕ್ಕಳ ತಂದೆಯೊಬ್ಬ ಕಾದು ಕೂತಿದ್ದ. ಅವನಿಗೆ ಮಾತು ಕೊಡಲು ಕಾಕಿ ಅರ್ಧ ಮನಸ್ಸೂ ಮಾಡಿದ್ದಳು.

ಆ ದಿನ ಬೆಳಿಗ್ಗೆ ಕಾಕಿ ಗಂಡನನ್ನು ದೇವರ ಜಗುಲಿಯ ಮುಂದೆ ಕೂರಿಸಿ, ರೇಣವ್ವನನ್ನು ಎದುರಿಗೆ ನಿಲ್ಲಿಸಿದಳು.

"ಮಗಳ ತಲಿ ಮುಟ್ಟಿ ಆಣಿ ಮಾಡ್ರಿ. ಬೀಗರು ಹೋಗೂತನಕ ಹೊಳಿ ಸುದ್ದಿ ಎತ್ತೂದಿಲ್ಲ ಅನ್ರಿ."

ಕಾಕಾ ಮುಟ್ಟಿದರು. ಆಣೆಯ ಮೇಲೂ ನಂಬಿಕೆ ಸಾಲದೆ ಕಾಕಿ ನನ್ನನ್ನು ಅವರ ಪಕ್ಕಕ್ಕೆ ಕಾವಲು ಕೂರಿಸಿದಳು. ಬಾಯಿ ತೆರೆದರೆ ತೊಡೆ ಚಿವುಟಬೇಕೆಂದು ನನಗೆ ಅಪ್ಪಣೆಯಾಗಿತ್ತು. ಅಪ್ಪನ ತಮ್ಮನ ತೊಡೆ ಚಿವುಟುವ ಯೋಗ ಯಾವ ಅಣ್ಣನ ಮಗನಿಗೆ ಬಂದೀತು ಹೇಳಿ!

ಬೀಗರು ಬಂದರು: ಹುಡುಗ, ಅವನ ತಾಯಿ, ಮತ್ತು ಶಾಲೆಯಿಂದ ನಿವೃತ್ತರಾದ ಅವನ ಸೋದರಮಾವ ಮಾಸ್ತರರು. ಮಾಸ್ತರರು ಚಹಾದ ಮೊದಲ ಗುಟುಕಿಗೇ ಕಾಕಾನ ಕಡೆ ತಿರುಗಿ, ಹಡಗಿನಲ್ಲಿದ್ದಿರಂತೆ, ಯಾವ ಯಾವ ದೇಶ ನೋಡಿದ್ದೀರಿ ಎಂದು ಕೇಳಬೇಕೆ! ಒಳಗೆ ಏನೋ ಪಾತ್ರೆ ಬಿತ್ತು. ನನ್ನ ಕೈ ತೊಡೆಯ ಕಡೆ ಸರಿಯಿತು. ಕಾಕಾ ಒಂದು ಸಲ ಛತ್ತು ನೋಡಿದರು, ಒಂದು ಸಲ ನೆಲ ನೋಡಿದರು.

"ನೀರ ನೋಡೀನ್ರಿ," ಅಂದರು.

ಸುಳ್ಳಲ್ಲ ನೋಡಿ! ಮಾಸ್ತರರು ನಕ್ಕರು. ನಾನು ಉಸಿರು ಬಿಟ್ಟೆ. ಆದರೆ ನಿವೃತ್ತ ಮಾಸ್ತರರಿಗೆ ಪಾಠ ಮಾಡದಿದ್ದರೆ ಚಹಾ ಕರಗುವುದುಂಟೆ? ರೇಣವ್ವ ಅಡಕೆ ಎಲೆಯ ತಾಟು ಹಿಡಿದು ಬಂದಾಗ ಅವಳಿಗೆ ಬುದ್ಧಿವಾದ ಶುರುವಾಯಿತು. ಹೆಣ್ಣು ಮತ್ತು ಹೊಳೆ ಎರಡೂ ಒಂದೇ, ಹೊರಟ ಮೇಲೆ ಮುಂದಕ್ಕೇ ಹರಿಯಬೇಕು, ಹುಟ್ಟಿದ ಕಡೆ ಹೊಳ್ಳಿ ನೋಡಬಾರದು, ಹಿಂದಕ್ಕೆ ಹರಿಯುವ ಹೊಳೆ ಈ ಜಗತ್ತಿನಲ್ಲೇ ಇಲ್ಲ ಅಂದರು.

ಅಯ್ಯೋ ಶಿವನೆ! ಅಷ್ಟು ಮಾತುಗಳಿರುವಾಗ ಅವರಿಗೆ ಇದೇ ಸಿಕ್ಕಬೇಕೆ? ಕಾಕಾನ ಮೊಣಕಾಲು ಕುಣಿಯತೊಡಗಿತು. ತುಟಿ ಅಲುಗಿತು. ನಾನು ಚಿವುಟಿಯೇಬಿಟ್ಟೆ. ಚಿವುಟುವ ಅಗತ್ಯವೇ ಇರಲಿಲ್ಲ. ಅವರು ತಲೆ ತಗ್ಗಿಸಿ, ಹೌದ್ರಿ ಅಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಒಂಥರಾ ನಾಚಿಕೆಯಾಯಿತು.

ಹುಡುಗನ ತಾಯಿಗೆ ಭಾಳ ಸಮಾಧಾನವಾಗಿತ್ತು. ಬೀಗರು ಸಾದಾ ಮನುಷ್ಯರು, ಮಾತಿಲ್ಲ ಕತೆಯಿಲ್ಲ, ಇಂಥ ಮನೆಯೇ ಬೇಕಾಗಿತ್ತು, ಬಾಯಿ ಸಿಹಿ ಮಾಡಿ ಅಂದಳು. ಕಾಕಿ ಸಕ್ಕರೆಯ ಬಟ್ಟಲು ಹಿಡಿದು ಹೊಸ್ತಿಲು ದಾಟಿದ್ದಳು. ಆಗ ರೇಣವ್ವ ತಾಟನ್ನು ನೆಲಕ್ಕಿಟ್ಟಳು.

"ನಮ್ಮಪ್ಪಗ ಮಾತು ಅದಾವ್ರಿ. ನನ್ನ ಸಲುವಾಗಿ ನುಂಗಿಕೊಂಡು ಕುಂತಾನ. ಅಪ್ಪಾ, ನೀ ಹೇಳು. ಕೇಳಿ ಬ್ಯಾಡ ಅಂದ್ರ ಬ್ಯಾಡ ಅನ್ಲಿ."

ಕಾಕಿಯ ಕೈಯಲ್ಲಿ ಬಟ್ಟಲು ಹಾಗೇ ಇತ್ತು.

"ನಿನ್ನ ತಲಿ ಮ್ಯಾಲೆ ಆಣಿ ಐತೆವ್ವಾ," ಅಂದರು ಕಾಕಾ.

"ತಲಿ ನಂದು. ಆಣಿ ನಾ ಬಿಡಿಸೀನಿ."

ಮುಗಿಯಿತು ಅಂದುಕೊಂಡೆ ನಾನು. ಈಗ ತೇಲುವ ಹಂದಿಗೂಡು ಬರುತ್ತದೆ, ಎಮ್ಮೆಯಂಥ ಮೀನು ಬರುತ್ತದೆ, ಬೀಗರು ಎದ್ದು ಹೋಗುತ್ತಾರೆ. ಆದರೆ ಕಾಕಾ ಅವೊಂದನ್ನೂ ಹೇಳಲಿಲ್ಲ. ಹೊಳೆ ಎರಡೂ ಕಡೆ ಹರಿಯುವುದನ್ನು ಎರಡೇ ಮಾತಿನಲ್ಲಿ ಹೇಳಿ, ಮಾಸ್ತರರ ಕಡೆ ನೋಡದೆ ಮಗಳ ಕಡೆ ನೋಡುತ್ತ ಕೂತರು. ಆಮೇಲೆ ಹೇಳಿದ್ದನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

"ಏಳ ತಿಂಗಳು ಮನಿ ಸುದ್ದಿ ಇರಲಿಲ್ರಿ. ಇಲ್ಲೇ ಸಾಯ್ತೀನಿ ಅನ್ಕೊಂಡಿದ್ದೆ. ಆ ಮಂದೀನೂ ಯುದ್ಧದಾಗ ಮನಿ, ಮಕ್ಕಳು ಎಲ್ಲಾ ಕಳಕೊಂಡಿದ್ರು. ನೀರು ಹೊಳ್ಳಿದ ದಿನ ಎಲ್ಲಾರೂ ದಂಡಿಗೆ ಬಂದು ನಿಂತ್ರು, ನಾನೂ ನಿಂತೆ. ಅಷ್ಟು ದೊಡ್ಡ ಹೊಳಿ ಹೊಳ್ಳತೈತಿ ಅಂದ್ರ ನಾನೂ ನನ್ನ ಮಗಳ ಕಡೆ ಹೊಳ್ಳಿ ಹೋಗ್ತೀನಿ ಅನಿಸ್ತು. ಅದಕ್ಕ ಕಂಡೋರಿಗೆಲ್ಲಾ ಹೇಳಕೋತ ಬಂದೇನ್ರಿ. ಬ್ಯಾರೆ ಏನಿಲ್ಲ."

ಮಾಸ್ತರರು ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗನ ತಾಯಿ ಮಗನ ಮುಖ ನೋಡಿದಳು. ಬಂದಾಗಿನಿಂದ ಒಂದಕ್ಷರ ಆಡದ ಹುಡುಗ ಗಂಟಲು ಸರಿಮಾಡಿಕೊಂಡ.

"ಮಾವಾರ, ಅದು ಯಾವಾಗ ಹೊಳ್ಳತೈತ್ರಿ?"

ಮಾವಾರ ಅಂದ! ಕಾಕಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹತ್ತು ವರ್ಷಕ್ಕೂ ಮೇಲೆ ಯಾರಾದರೂ ಕೇಳಲಿ ಎಂದು ಕಾದಿದ್ದ ಕಾಕಾ, ಕೇಳಿದಾಗ ಹೆಗಲ ಮೇಲಿನ ಟಾವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು. ನನ್ನ ಕಣ್ಣೂ ತುಂಬಿ ಬಂದಿತ್ತು, ಮುಚ್ಚಿಡುವುದೇನು. ಕೊನೆಗೆ ಉತ್ತರ ಕೊಟ್ಟವಳು ರೇಣವ್ವ, ಅದೂ ಆ ಹುಡುಗನ ಮುಖ ನೋಡಿಯೇ.

"ಮಳಿಗಾಲದಾಗ ಮ್ಯಾಲಕ್ಕ ಏರತೈತ್ರಿ. ಮಳಿ ಹೋದಮ್ಯಾಲೆ, ಗೌರಿ ಹುಣ್ಣಿವಿ ಸುಮಾರಿಗೆ ಹೊಳ್ಳತೈತಿ."

ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.