ಮಾಯವಾದ ತೊಂಬತ್ತಮೂರು ಟ್ಯಾಬುಗಳು

ಗಡಿಯಾರ ರಿಪೇರಿಯವರಿಗೆ ತಮ್ಮ ಬ್ರೌಸರಿನ ಮೇಲೆ ಹೆಂಡತಿಗಿಂತ ಒಂದು ತೂಕ ಹೆಚ್ಚೇ ಅಭಿಮಾನ. (ಈ ಮಾತನ್ನು ಹೆಂಡತಿಯೆದುರು ಆಡುವಷ್ಟು ಧೈರ್ಯಸ್ಥರಲ್ಲ ಅವರು.) ಊಟಕ್ಕೆ ಕೂತರೆ ಸಾಕು, ಅದರ ವಂಶಾವಳಿ ಶುರು.

“ನೋಡೇ, ಇದರ ಮೂಲ ಒಂದು ಕಂಪನಿ. ಪೈಪೋಟಿಯಲ್ಲಿ ಸೋತು ಸುಣ್ಣವಾದಾಗ ಒಳಗಿನ ಗುಟ್ಟನ್ನೆಲ್ಲ ಲೋಕದ ಮುಂದೆ ಬಿಚ್ಚಿಟ್ಟುಬಿಡ್ತು. ಆಮೇಲೆ ಎಲ್ಲೆಲ್ಲಿಯೋ ಇರೋ ಜನ ಸೇರಿ ಸಾಕಿ ಬೆಳೆಸಿದ್ರು. ಪುಕ್ಕಟೆ! ಯಾರು ಬೇಕಾದ್ರೂ ರಿಪೇರಿ ಮಾಡಬಹುದು!”

“ಹಾಗಾದ್ರೆ ಅದಕ್ಕೆ ನೀವು ಮಾಡಿದ್ದೇನು?”

“ನಾನು... ಬಳಸ್ತೀನಿ.”

ಬಳಕೆಯೆಂದರೆ ತೊಂಬತ್ತಮೂರು ಟ್ಯಾಬು. ತೆರೆದಿದ್ದನ್ನು ಮುಚ್ಚಿದ ಇತಿಹಾಸವಿಲ್ಲ. ಅವುಗಳಲ್ಲೊಂದು ಮಾತ್ರ ಪ್ರಾಣಕ್ಕೆ ಸಮಾನ: ಊರಿನ ಡಾಕ್ಟರು ರಿಪೇರಿಗೆ ಕೊಟ್ಟಿದ್ದ, ಅವರ ತಾತನ ಕಾಲದ ಗೋಡೆ ಗಡಿಯಾರಕ್ಕೆ ಹೊಂದುವ ಹಲ್ಲುಚಕ್ರ ಮಾರುವ ಅಂಗಡಿಯ ಪುಟ. ತಿಂಗಳು ತಡಕಾಡಿ ಸಿಕ್ಕಿದ್ದು. ಗಡಿಯಾರ ನಡೆಯದಿದ್ದರೆ ಎದುರು ಅಂಗಡಿಯ ರಿಪೇರಿಯವನಿಗೆ ಕೊಡುವುದಾಗಿ ಡಾಕ್ಟರು ಹೇಳಿಯಾಗಿತ್ತು.

ಒಂದು ದಿನ ಊಟ ಮುಗಿಸಿ, ಸಣ್ಣದೊಂದು ನಿದ್ದೆ ತೆಗೆದು ಬಂದು ನೋಡಿದರೆ ಟ್ಯಾಬುಗಳೆಲ್ಲ ಮಂಗಮಾಯ! ಮತ್ತೆ ಹುಡುಕಾಟ ಶುರು. ಸಂಜೆಗೆ ಐವತ್ತು ತೆರೆದರು. ಮರುದಿನ ಊಟವಾದ ಮೇಲೆ ಅವೂ ಇಲ್ಲ. ಹಲ್ಲುಚಕ್ರವಂತೂ ಪತ್ತೆಯೇ ಇಲ್ಲ.

ಹೆಂಡತಿಯನ್ನು ಕೇಳಬಹುದಿತ್ತು. (ಅದು ಗಂಡಸಿನ ಕೊನೆಯ ಉಪಾಯ.) ಅವರು ಬ್ರೌಸರನ್ನು ಸಾಕುವ ಸ್ವಯಂಸೇವಕರ ದೂರಿನ ಪುಟಕ್ಕೇ ಬರೆದರು: “ನಿಮ್ಮ ಬ್ರೌಸರ್ ದಿನವೂ ಊಟದ ನಂತರ ಮೂರ್ಛೆ ಹೋಗುತ್ತದೆ.”

ಏಳು ದೇಶದ ಪಂಡಿತರು ಸೊಂಟ ಕಟ್ಟಿ ನಿಂತರು. ಜಾಹೀರಾತು ತಡೆಯುವ ಉಪಕರಣದ ಮೇಲೆ ಒಬ್ಬರಿಗೆ ಗುಮಾನಿ, ಕಂಪ್ಯೂಟರಿನ ನೆನಪಿನ ಶಕ್ತಿಯ ಮೇಲೆ ಇನ್ನೊಬ್ಬರಿಗೆ. ಒಬ್ಬ ಪುಣ್ಯಾತ್ಮ ತಾನೂ ತೊಂಬತ್ತಮೂರು ಟ್ಯಾಬು ತೆರೆದು ಮೂರು ದಿನ ಕಾದು ಕುಳಿತ. ಕೊನೆಗೆ ಒಬ್ಬಾಕೆ ಕೇಳಿದಳು: “ಆ ಹೊತ್ತಿನಲ್ಲಿ ಕಂಪ್ಯೂಟರ್ ಹತ್ತಿರ ಯಾರಿರುತ್ತಾರೆ?”

ಗಡಿಯಾರ ರಿಪೇರಿಯವರು ಅಡುಗೆಮನೆಯತ್ತ ತಿರುಗಿದರು.

“ನಾನೇ ಮುಚ್ಚೋದು ಕಣ್ರೀ,” ಎಂದರು ಹೆಂಡತಿ. “ಮನೆ ಗುಡಿಸಿದ ಮೇಲೆ ಅದನ್ನೂ ಗುಡಿಸಿಬಿಡ್ತೀನಿ. ಅಷ್ಟೊಂದು ಹರಡಿಟ್ರೆ ಅದಾದ್ರೂ ಹೇಗೆ ಓಡಬೇಕು, ಪಾಪ?”

“ಅಯ್ಯೋ, ನನ್ನ ಹಲ್ಲುಚಕ್ರ!”

“ಅದು ಬೇಕಾಗುತ್ತೆ ಅಂತ ಮೊದಲ ದಿನವೇ ವಿಳಾಸದ ಪಕ್ಕ ಇರೋ ನಕ್ಷತ್ರ ಒತ್ತಿ ಆ ಪುಟಕ್ಕೆ ಗುರುತು ಹಾಕಿಟ್ಟಿದ್ದೀನಿ. ಮೇಲ್ಗಡೆ ನೋಡಿ.”

ಇತ್ತು. ವಂಶಾವಳಿಯನ್ನು ಬಾಯಿಪಾಠ ಮಾಡಿದವರಿಗೆ ಆ ನಕ್ಷತ್ರ ಇರುವುದೇ ಗೊತ್ತಿರಲಿಲ್ಲ. ಡಾಕ್ಟರ ಗಡಿಯಾರ ಉಳಿಯಿತೆಂಬ ಸಂತೋಷದಲ್ಲಿ, ಮಾನವನ್ನು ಪಕ್ಕಕ್ಕಿಟ್ಟು ನಿಜವನ್ನೇ ದೂರಿನ ಪುಟದಲ್ಲಿ ಬರೆದರು.

ಮರುದಿನ ಪಂಡಿತರಲ್ಲಿ ಆರು ಮಂದಿ ತಂತಮ್ಮ ಮನೆಯಲ್ಲಿ ವಿಚಾರಿಸಿದರು. ವರ್ಷಗಟ್ಟಲೆ ಬಗೆಹರಿಯದಿದ್ದ ಒಂಬತ್ತು ದೂರುಗಳು ಒಂದೇ ಏಟಿಗೆ ಇತ್ಯರ್ಥವಾದವು. ಬೆನ್ನಿಗೇ ಒಂದು ಆಹ್ವಾನ ಬಂತು: “ನಿಮ್ಮ ಮನೆಯವರು ನಮ್ಮ ದೋಷ ಹುಡುಕುವ ತಂಡಕ್ಕೆ ಸೇರುವರೇ? ಈ ಕೆಲಸದಲ್ಲಿ ಅವರ ಅನುಭವವೆಷ್ಟು?”

ಪಾತ್ರೆ ತೊಳೆಯುತ್ತಿದ್ದ ಹೆಂಡತಿಯ ಕೈ ಒದ್ದೆಯಾಗಿತ್ತು. ಉತ್ತರವನ್ನು ಗಡಿಯಾರ ರಿಪೇರಿಯವರೇ ಟೈಪ್ ಮಾಡಬೇಕಾಯಿತು.

“ಬರೀರಿ,” ಎಂದರು ಆಕೆ. “ಮದುವೆಯಾಗಿ ಹತ್ತೊಂಬತ್ತು ವರ್ಷ.”