ಸದರಿ ಗ್ರಾಮದ ಅಕ್ಕಿ

ಹಂಪಸಾಗರದಲ್ಲಿ ಈಗ ಒಬ್ಬರೇ ವಾಸವಾಗಿದ್ದಾರೆಂದು ದಾಖಲೆಗಳಿಂದ ದೃಢಪಟ್ಟಿದೆ. ಉಳಿದ ಆರುನೂರ ಹನ್ನೆರಡು ಪಡಿತರ ಚೀಟಿದಾರರು ಒಂದೇ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ‘ಸದರಿ’ ಎಂಬ ಗ್ರಾಮಕ್ಕೆ ಸ್ಥಳಾಂತರಗೊಂಡರು.

ಜೈತುನ್ ಬೀಗೆ ಇದು ತಿಳಿದದ್ದು ನ್ಯಾಯಬೆಲೆ ಅಂಗಡಿಯ ಮುಂದೆ ಖಾಲಿ ಚೀಲ ಹಿಡಿದು ನಿಂತಾಗ. ಮನೆಯಲ್ಲಿ ಮೂರು ಮೊಮ್ಮಕ್ಕಳು, ಡಬ್ಬಿಯಲ್ಲಿ ಎರಡು ದಿನದ ಅಕ್ಕಿ. “ನಿಮ್ಮ ಅಕ್ಕಿ ಸದರಿಗೆ ಹೋಗೈತಮ್ಮ,” ಎಂದ ಅಂಗಡಿಯ ನಾಗಪ್ಪ. ಆಕೆ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿ, ಪಡಿತರ ಗಣಕೀಕರಣ ಕೋಶದ ಗುಮಾಸ್ತ ಗಂಗಾಧರ್ ಅವರೆದುರು ಹೋಗಿ ನಿಂತಳು.

ಮೇಲಿನ ಸಾಲಿನಲ್ಲಿದ್ದದ್ದೇ ಕೆಳಗೂ ಬರುವುದಾದರೆ ‘ಸದರಿ’ ಎಂದು ಬರೆದು ಮುಗಿಸುವುದು ಗಂಗಾಧರ್ ಅವರ ಮೂವತ್ತು ವರ್ಷದ ರೂಢಿ. ಲೆಡ್ಜರ್ ಹೋಗಿ ಎಕ್ಸೆಲ್ ಬಂದರೂ ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ. ಮೊದಲ ಸಾಲಿನ ಗುರುಸಂಗಪ್ಪನವರಿಗೆ ಹಂಪಸಾಗರ. ಅವರ ಕೆಳಗೆಲ್ಲ ಸದರಿ. ಆ ಹಾಳೆಯನ್ನು ಡೇಟಾಬೇಸಿಗೆ ತುಂಬಲು ಸ್ಕ್ರಿಪ್ಟ್ ಬರೆದ ಪ್ರವೀಣಕುಮಾರ್ ಅದರಲ್ಲೊಂದು ಜಾಣತನ ಮೆರೆದಿದ್ದ: ಗೊತ್ತಿಲ್ಲದ ಊರು ಸಿಕ್ಕರೆ ಹೊಸದಾಗಿ ಸೃಷ್ಟಿಸತಕ್ಕದ್ದು. ನಾಲ್ಕು ಸೆಕೆಂಡಿನಲ್ಲಿ ಊರು ಎದ್ದಿತು.

“ನಾ ಹುಟ್ಟಿದ್ದು, ಲಗ್ನ ಆಗಿದ್ದು ಎಲ್ಲಾ ಹಂಪಸಾಗರದಾಗ. ಈ ಸದರಿ ಎಲ್ಲೈತ್ರಿ?”

“ಡೇಟಾಬೇಸ್‌ನಾಗ ಐತಿ. ನೀವು ಊರು ಬದ್ಲಿ ಮಾಡ್ಸಬೇಕಂದ್ರ ಸದರಿ ಗ್ರಾಮದ ಅಧಿಕಾರಿ ಸಹಿ ಬೇಕು.”

“ಅಂಥಾ ಊರೇ ಇಲ್ಲಲ್ರಿ!”

“ಇಲ್ಲ ಅಂತ ಬರ್ಕೊಡಾಕೂ ಅವರ ಸಹಿನೇ ಬೇಕಮ್ಮ.”

ತಿದ್ದಲು ಒಂದು ಗಳಿಗೆ ಸಾಕಿತ್ತು. ಆದರೆ ಅಷ್ಟರಲ್ಲಿ ಇಲ್ಲದ ಊರನ್ನು ನಂಬಿ ಬದುಕುವವರು ಹುಟ್ಟಿಕೊಂಡಿದ್ದರು. ಲಾರಿ ಗುತ್ತಿಗೆದಾರ ಪ್ರತಿ ತಿಂಗಳೂ ಸದರಿಗೆ ಅಕ್ಕಿ ಮುಟ್ಟಿಸುತ್ತಿದ್ದ. ಎಲ್ಲಿ ಇಳಿಸುತ್ತಾನೆಂದು ಕೇಳುವ ಅಸಭ್ಯರು ಕೋಶದಲ್ಲಿರಲಿಲ್ಲ. ಮೂರನೆಯ ತಿಂಗಳು ಪ್ರಕಟಣೆ ಹೊರಬಿತ್ತು:

‘ನೀರು, ಚರಂಡಿ, ಬೀದಿದೀಪದ ಬಗ್ಗೆ ಒಂದೂ ದೂರು ಬಾರದ ಕಾರಣ ಸದರಿ ಗ್ರಾಮವನ್ನು ಮಾದರಿ ಗ್ರಾಮವೆಂದು ಘೋಷಿಸಲಾಗಿದೆ. ನೆರೆಯ ಗ್ರಾಮಗಳು ನೋಡಿ ಕಲಿಯತಕ್ಕದ್ದು.’

ಸದರಿಯಲ್ಲಿ ಸಭಾಭವನ ಇಲ್ಲವಾದ್ದರಿಂದ ಸಮಾರಂಭ ಹಂಪಸಾಗರದಲ್ಲೇ ನಡೆಯಿತು. ಗ್ರಾಮಸ್ಥರ ಪರವಾಗಿ ಜೈತುನ್ ಬೀಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಐದು ಕೆಜಿ ಅಕ್ಕಿ ಕೊಟ್ಟರು. ಗಂಗಾಧರ್ ಸದರಿ ಗ್ರಾಮದ ಸ್ವೀಕೃತಿ ಪುಸ್ತಕ ಚಾಚಿದರು.

“ಇದು ನನ್ನ ಅಕ್ಕಿಗೆ ಅಷ್ಟೇ ಹೌದಲ್ರಿ?”

“ಮೊದಲ್ನೇ ಸಾಲು ನಿಮ್ದೇ. ಒತ್ರಿ.”

ಮೊಮ್ಮಕ್ಕಳ ಮುಖ ನೆನೆದು ಆಕೆ ಹೆಬ್ಬೆಟ್ಟು ಒತ್ತಿದಳು. ಆ ಸಾಲಿನಲ್ಲಿ ಬರೆದಿದ್ದದ್ದು: ‘ಮೂರು ತಿಂಗಳ ಅಕ್ಕಿ ಪೂರ್ತಿ ಸ್ವೀಕರಿಸಿದ್ದೇನೆ.’ ಅದರ ಕೆಳಗಿನ ಆರುನೂರ ಹನ್ನೊಂದು ಹೆಸರುಗಳ ಮುಂದೆ ಗಂಗಾಧರ್ ಮುದ್ದಾದ ಅಕ್ಷರದಲ್ಲಿ ‘ಸದರಿ’ ಎಂದು ಬರೆಯುತ್ತ ಹೋದರು.

ಆ ಆರುನೂರ ಹನ್ನೊಂದು ಮಂದಿ ಚಪ್ಪಾಳೆ ತಟ್ಟಿ, ಖಾಲಿ ಚೀಲ ಮಡಚಿಕೊಂಡು ಮನೆಗೆ ಹೋದರು.